ಅವಳಿಗೆ ಯಾರು ಹೇಳಬೇಕು?

2023ರ ಜೂನ್‌ನಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ರೋಹಿಂಗ್ಯಾ ನಿರಾಶ್ರಿತರ ಕ್ಯಾಂಪ್‌ಗಳಲ್ಲಿ ರೇಷನ್ ಎರಡನೇ ಸಲ ಕಡಿತವಾಯಿತು. ತಲೆಗೆ ತಿಂಗಳಿಗೆ 12 ಡಾಲರ್ ಇದ್ದದ್ದು ಮಾರ್ಚ್‌ನಲ್ಲಿ 10ಕ್ಕೆ ಇಳಿದಿತ್ತು. ಜೂನ್‌ನಲ್ಲಿ 8. ದಿನಕ್ಕೆ 27 ಸೆಂಟ್. ಕ್ಯಾಂಪ್‌ನವರು ಹೊರಗೆ ಹೋಗಿ ದುಡಿಯುವಂತಿಲ್ಲ. ಒಳಗೆ ಸಿಗುವ ಸಂಪಾದನೆ ಅಂದರೆ ಸಂಸ್ಥೆಗಳು ಕೊಡುವ ವಾಲಂಟಿಯರ್ ಕೆಲಸ. ಹೆಸರಿಗೆ ಸೇವೆ, ಅಸಲಿಗೆ ಗಂಟೆ ಲೆಕ್ಕದ ಕೂಲಿ. ಸಾಮಾನ್ಯ ಕೆಲಸಕ್ಕೆ ಆಗ ಗಂಟೆಗೆ 50 ಟಾಕಾ. ರೇಷನ್ ಇಳಿದ ಹಾಗೆಲ್ಲ ಆ ಪಟ್ಟಿಗೆ ಹೆಸರು ಬರೆಯುವವನ ದರ್ಬಾರು ಜಾಸ್ತಿಯಾಯಿತು. ಅಂಥ ಪಟ್ಟಿಯೊಂದು ಕೈಯಲ್ಲಿದ್ದ ಒಬ್ಬನ ಮೇಲೆ ಬಂದ ದೂರು ನನ್ನ ಮೂಲಕ ಮೇಲಕ್ಕೆ ಹೋಯಿತು. ಅದು ಹೋದ ದಾರಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು, ಕ್ಯಾಂಪ್ ನಂಬರ್, ಸಂಸ್ಥೆ ಯಾವುದನ್ನೂ ಹೇಳುವುದಿಲ್ಲ. ದೂರು ತಂದವಳ ಗುರುತು ಸಿಗುವಂಥ ಕೆಲವು ವಿವರಗಳನ್ನು ಬೇಕೆಂದೇ ಬದಲಾಯಿಸಿದ್ದೇನೆ.

ನಾನು ಹಾಸನದವಳು. ಕ್ಯಾಂಪ್‌ನಲ್ಲಿ ಮಕ್ಕಳ ಪೌಷ್ಟಿಕ ಆಹಾರ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೆ. ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳತೆ ನೋಡುತ್ತೇವೆ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಂಥ ಮಕ್ಕಳ ತಾಯಂದಿರು ವಾರಕ್ಕೊಮ್ಮೆ ಬಂದು ಕಡಲೆಕಾಯಿ ಪೇಸ್ಟಿನ ಪ್ಯಾಕೆಟ್ ತೆಗೆದುಕೊಂಡು ಹೋಗುತ್ತಾರೆ. ಗಂಡಸರು ಒಳಗೆ ಬರುವುದಿಲ್ಲ. ಹೆಂಗಸರು ಬುರ್ಖಾದ ಮುಖಪರದೆ ಮೇಲೆತ್ತಿ, ಕಾಲು ಚಾಚಿ ಕೂತು ಮಾತಾಡುವ ಜಾಗ ಅದು.

ಸಂಸ್ಥೆಗೆ ಸೇರಿದ ಕೂಡಲೇ ನಮಗೆಲ್ಲ ಆರು ನಿಯಮ ಓದಿಸಿ ಸಹಿ ಹಾಕಿಸಿದ್ದರು. ಈ ನಿಯಮಗಳು ಸುಮ್ನೆ ಹುಟ್ಟಿದ್ದಲ್ಲ. 2002ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಸೇವ್ ದಿ ಚಿಲ್ಡ್ರನ್ ಸೇರಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನ ಕ್ಯಾಂಪ್‌ಗಳ ಬಗ್ಗೆ ಒಂದು ವರದಿ ಹೊರತಂದವು. ಅಡುಗೆ ಎಣ್ಣೆ, ಗೋಧಿ ನುಚ್ಚು, ಟಾರ್ಪಾಲಿನಂಥ ವಸ್ತುಗಳನ್ನು ಮುಂದಿಟ್ಟು ಹುಡುಗಿಯರನ್ನು ಬಳಸಿಕೊಳ್ಳುತ್ತಿದ್ದಾರೆ, ಬಳಸಿಕೊಳ್ಳುವವರಲ್ಲಿ ಸಹಾಯ ಹಂಚಲು ಬಂದವರೇ ಇದ್ದಾರೆ ಅಂತ ಅದರಲ್ಲಿತ್ತು. ಸುಮಾರು 40 ಸಂಸ್ಥೆಗಳವರ ಮೇಲೆ ಆರೋಪ ಬಂದಿತ್ತು. ಅದೇ ವರ್ಷ ಆರು ನಿಯಮ ಬಂದವು. ಮರುವರ್ಷ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಅದೇ ಅರ್ಥದ ಆದೇಶ ಹೊರಡಿಸಿದರು. ಹಣ, ಕೆಲಸ, ವಸ್ತು, ಸಹಾಯ ಯಾವುದನ್ನೂ ತೋರಿಸಿ ಲೈಂಗಿಕ ಸಂಬಂಧ ಕೇಳುವಂತಿಲ್ಲ. ಹದಿನೆಂಟು ತುಂಬದವರ ಜೊತೆ ಯಾವ ಕಾರಣಕ್ಕೂ ಇಲ್ಲ. 'ವಯಸ್ಸು ಗೊತ್ತಿರಲಿಲ್ಲ' ಅನ್ನುವ ನೆಪ ನಡೆಯದು. ಐದನೆಯ ನಿಯಮ ನನ್ನಂಥವರಿಗೆ. ಸಹಾಯ ಕೆಲಸದಲ್ಲಿರುವ ಯಾರ ಮೇಲಾದರೂ ಅನುಮಾನ ಬಂದರೆ, ಅವನು ಬೇರೆ ಸಂಸ್ಥೆಯವನಾದರೂ ಸರಿ, ತಿಳಿಸಲೇಬೇಕು.

ಹೇಗೆ ತಿಳಿಸಬೇಕು ಅನ್ನುವುದಕ್ಕೆ ಕ್ಯಾಂಪ್ ತುಂಬ ಬೋರ್ಡ್‌ಗಳಿದ್ದವು. ಹಾಟ್‌ಲೈನ್ ನಂಬರ್ ಇತ್ತು, ಬೀಗ ಹಾಕಿದ ದೂರು ಪೆಟ್ಟಿಗೆ ಇತ್ತು. ನಮ್ಮ ಬ್ಲಾಕಿನ ಪೆಟ್ಟಿಗೆ ಇದ್ದದ್ದು ಮಾಜಿಯ ಮನೆಗೆ ಎದುರಾಗಿ. ಮಾಜಿ ಅಂದರೆ ಬ್ಲಾಕಿನ ಮುಖಂಡ. ಓದು ಬರಹ ಬಾರದ ಹೆಂಗಸು, ಯಾರ ಹತ್ತಿರವೋ ಚೀಟಿ ಬರೆಸಿ, ಮಾಜಿಯ ಕಣ್ಣೆದುರು ಅದರೊಳಗೆ ಹಾಕಬೇಕು! ಫೋನ್ ಅಂತೀರಾ, ಅದು ಗಂಡನ ಜೇಬಿನಲ್ಲಿರುತ್ತದೆ. ಆ ಪೆಟ್ಟಿಗೆಯಲ್ಲಿ ಕಕ್ಕಸು ಕಟ್ಟಿಕೊಂಡಿದೆ, ಸೋಲಾರ್ ದೀಪ ಉರಿಯುತ್ತಿಲ್ಲ, ಗ್ಯಾಸ್ ಸಾಕಾಗುತ್ತಿಲ್ಲ ಅನ್ನುವ ದೂರು ಸಿಗುತ್ತಿದ್ದವು. ನಮಗೆ ಬಂದ ದೂರು ಪೆಟ್ಟಿಗೆಯಿಂದಲ್ಲ, ಮಗುವಿನ ತೂಕ ನೋಡುವಾಗ ಬಂತು. ಅದೂ ಪ್ರಶ್ನೆಯಾಗಿ.

ನಮ್ಮ ಕೌನ್ಸೆಲರ್ ಚಿತ್ತಗಾಂಗ್ ಕಡೆಯವರು. ಅವರ ಮಾತು ರೋಹಿಂಗ್ಯಾ ಹೆಂಗಸರಿಗೆ ಸಲೀಸಾಗಿ ತಿಳಿಯುತ್ತಿತ್ತು. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು, ನಾನೂ. ಮಗುವನ್ನು ತಕ್ಕಡಿಯಿಂದ ಇಳಿಸುತ್ತಾ ಒಬ್ಬ ತಾಯಿ ಕೇಳಿದಳು, "ಆಪಾ, ಕೆಲಸದ ಪಟ್ಟಿಗೆ ಹೆಸರು ಬರೆಸಬೇಕಾದರೆ ಎಲ್ಲ ಹೆಂಗಸರೂ ಅವರು ಹೇಳಿದ ಜಾಗಕ್ಕೆ ಹೋಗಲೇಬೇಕಾ? ಅದು ನಿಮ್ಮ ಕಾನೂನಾ?"

ಆಪಾ ನನ್ನ ಮುಖ ನೋಡಿದರು. ಇಬ್ಬರಿಗೂ ಅರ್ಥವಾಗಿತ್ತು.

ತರಬೇತಿಯಲ್ಲಿ ಹೇಳಿಕೊಟ್ಟಿದ್ದ ಒಂದು ಮಾತು ಬಾಯಿಂದ ಹೊರಡುವುದು ಬಹಳ ಕಷ್ಟ ಅಂತ ಆಗ ಗೊತ್ತಾಯಿತು. ಒಬ್ಬಳು ಮನಸ್ಸು ಬಿಚ್ಚುತ್ತಿರುವಾಗಲೇ ತಡೆದು, "ಇದನ್ನು ನೀನು ಹೇಳಿದರೆ ನಾನು ಒಬ್ಬರಿಗೆ ತಿಳಿಸಲೇಬೇಕಾಗುತ್ತದೆ. ನಿನ್ನ ಹೆಸರು ಹೇಳಬೇಕೋ ಬೇಡವೋ ಅನ್ನುವುದು ನಿನ್ನ ಇಷ್ಟ" ಅನ್ನಬೇಕು. ಎಲ್ಲ ಕೇಳಿಸಿಕೊಂಡ ಮೇಲೆ ಹೇಳಿದರೆ ಅದು ಮೋಸ. ಆಪಾ ಮೆಲ್ಲಗೆ ಹೇಳಿದರು. ಅದಕ್ಕೂ ಮೊದಲು, "ಅಲ್ಲ, ಅದು ಯಾರ ಕಾನೂನೂ ಅಲ್ಲ" ಅಂದರು. ಅವಳು ತಲೆಯಾಡಿಸಿದಳು. ಪ್ಯಾಕೆಟ್ ಎಣಿಸಿ ಚೀಲಕ್ಕೆ ಹಾಕಿಕೊಂಡಳು. ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು.

ಆಪಾ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಅವಳು ಇನ್ನೂ ಬಾಗಿಲು ದಾಟಿರಲಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ತಾಯಂದಿರಿಗೆಲ್ಲ ಕೇಳುವ ಹಾಗೆ, ಕೈ ತೊಳೆಯುವುದರ ಬಗ್ಗೆ ದಿನಾ ಹೇಳುವ ಪಾಠದ ನಡುವೆ, ಆಪಾ ಇದನ್ನೂ ಸೇರಿಸಿದರು: ಯಾರಾದರೂ ಬಲವಂತ ಮಾಡಿದ್ದರೆ ಕ್ಲಿನಿಕ್‌ನಲ್ಲಿ ಔಷಧಿ ಇದೆ, ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ, ಬಸಿರು ನಿಲ್ಲದಂತೆ ನೋಡಿಕೊಳ್ಳುವ ಮಾತ್ರೆ 120 ಗಂಟೆಯೊಳಗೆ, ಪೊಲೀಸರ ಹತ್ತಿರ ಹೋಗಬೇಕಾಗಿಲ್ಲ, ದೂರು ಕೊಡಬೇಕಾಗಿಲ್ಲ. ಯಾರ ಕಡೆಗೂ ನೋಡಲಿಲ್ಲ. ಯಾವ ಕೈಪಿಡಿಯಲ್ಲೂ ನಾನು ಇದನ್ನು ಓದಿಲ್ಲ.

ಆ ಸಂಜೆಯೇ ವರದಿ ಬರೆದೆ. ಬರೆಯಲು ಏನಿತ್ತು? ಅವಳ ಹೆಸರು ಹಾಕುವಂತಿಲ್ಲ, ಅವನ ಹೆಸರು ಗೊತ್ತಿಲ್ಲ. ಇಂಥ ಕಡೆ, ವಾಲಂಟಿಯರ್ ಪಟ್ಟಿ ಮಾಡುವ ಒಬ್ಬ, ಹೆಸರು ಸೇರಿಸಲು ಹೆಂಗಸರನ್ನು ಎಲ್ಲಿಗೋ ಬರಲು ಹೇಳುತ್ತಿದ್ದಾನೆ ಅನ್ನುವ ಅನುಮಾನ. ಅಷ್ಟೇ. ಅವಳ ಮಾತನ್ನು ಅವಳು ಆಡಿದ ಹಾಗೇ ಬರೆದೆ, ನನ್ನ ಅಭಿಪ್ರಾಯ ಸೇರಿಸಲಿಲ್ಲ. ನಮ್ಮ ಸಂಸ್ಥೆಯಲ್ಲಿ ಇಂಥ ದೂರುಗಳಿಗೆಂದೇ ಇದ್ದ ಫೋಕಲ್ ಪಾಯಿಂಟ್ ಅನ್ನುವ ಅಧಿಕಾರಿಗೆ ಪಾಸ್‌ವರ್ಡ್ ಹಾಕಿದ ಫೈಲ್ ಕಳಿಸಿದೆ. ನನ್ನ ಮ್ಯಾನೇಜರ್‌ಗೆ ಕಳಿಸಲಿಲ್ಲ, ಕಳಿಸುವ ಅಗತ್ಯವೂ ಇಲ್ಲ. ಇಷ್ಟು ಚಿಕ್ಕ ದೂರನ್ನು ಯಾರು ತೆಗೆದುಕೊಳ್ಳುತ್ತಾರೆ ಅಂತ ಅಂದುಕೊಂಡಿದ್ದೆ. ಮರುದಿನ ಒಂದು ಕೇಸ್ ನಂಬರ್ ಬಂತು. ಹೆಸರುಗಳ ಬದಲು ಇನ್ನು ಮುಂದೆ ಆ ನಂಬರ್ ಮಾತ್ರ ಬಳಸಬೇಕು ಅಂತ ಸೂಚನೆ.

ಮುಂದಿನ ವಾರ ಅವಳು ಬಂದಳು. ಈ ಸಲ ಅವಳೇ ಆಪಾರನ್ನು ಪರದೆಯ ಹಿಂದಕ್ಕೆ ಕರೆದಳು. ಏನಾಯಿತು ಅನ್ನುವುದನ್ನು ಇಲ್ಲಿ ಬರೆಯಲಾರೆ, ಅದು ಅವಳ ಮಾತು. ಕೊನೆಗೆ, "ನನ್ನ ಹೆಸರು ಬರೆಯಬೇಡಿ, ಅವನ ಹೆಸರು ಬರೆಯಿರಿ. ಯಾರಾದರೂ ಬಂದು ಕೇಳಿದರೆ ಹೇಳುತ್ತೇನೆ, ಆದರೆ ನನ್ನ ಮನೆಗೆ ಬರಬಾರದು" ಅಂದಳು. ಕೇಸ್‌ವರ್ಕರ್ ಒಬ್ಬಳನ್ನು, ಅಂದರೆ ಇಂಥ ಹೆಂಗಸರ ಜೊತೆಗಿದ್ದು ನೆರವಾಗುವವಳನ್ನು, ಭೇಟಿ ಮಾಡಲು ಒಪ್ಪಿದಳು. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಆ ಕೇಸ್‌ವರ್ಕರ್. ಪೊಲೀಸರ ವಿಷಯ ತೆಗೆದಾಗ ಬೇಡ ಅಂದಳು. ಅದು ಅವಳ ತೀರ್ಮಾನ. ಸಂಸ್ಥೆಗಳು ಮಾಡುವ ತನಿಖೆಯಿಂದ ಯಾರೂ ಜೈಲಿಗೆ ಹೋಗುವುದಿಲ್ಲ. ಹೆಚ್ಚೆಂದರೆ ಕೆಲಸ ಹೋಗುತ್ತದೆ. ಅದನ್ನೂ ಅವಳಿಗೆ ಬಿಡಿಸಿ ಹೇಳಿದೆವು.

ಅವನು ಒಂದು ಸಣ್ಣ ಸ್ಥಳೀಯ ಸಂಸ್ಥೆಯವನು. ಆ ಸಂಸ್ಥೆಗೆ ದುಡ್ಡು ಕೊಡುತ್ತಿದ್ದದ್ದು ಇನ್ನೊಂದು ದೊಡ್ಡ ಸಂಸ್ಥೆ. ನಮ್ಮ ವರದಿ ಎಲ್ಲ ಸಂಸ್ಥೆಗಳಿಗೂ ಸೇರಿ ಒಬ್ಬರೇ ಇರುವ ಸಂಯೋಜಕಿಯ ಮೂಲಕ ಅಲ್ಲಿಗೆ ಹೋಯಿತು. ಅಲ್ಲಿಂದ ಬಂದ ಮೊದಲ ಪತ್ರದಲ್ಲೇ ಕೇಳಿದ್ದರು: ದೂರುದಾರಳ ಹೆಸರು, ಬ್ಲಾಕ್, ಶೆಲ್ಟರ್ ನಂಬರ್, ಫೋನ್ ನಂಬರ್ ಕಳಿಸಿ. ಇಮೇಲ್‌ನಲ್ಲಿ ಸಿಸಿ ಹಾಕಿದವರ ಸಾಲು ನೋಡಿ ನನಗೆ ಬೆವರು ಬಂತು. ನಮ್ಮ ಫೋಕಲ್ ಪಾಯಿಂಟ್ ಎರಡೇ ಸಾಲು ಬರೆದರು. ಅವಳ ವಿವರ ತನಿಖೆ ಮಾಡುವವರಿಗೆ ಬಿಟ್ಟು ಬೇರೆ ಯಾರಿಗೂ ಸಿಗುವುದಿಲ್ಲ. ತನಿಖೆ ಮಾಡುವವರು ಯಾರು ಅಂತ ಮೊದಲು ತಿಳಿಸಿ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವ.

ಆಮೇಲೆ ಕಾಯುವ ಸರದಿ. ಮಳೆಗಾಲ. ಗುಡ್ಡ ಕುಸಿತದ ಎಚ್ಚರಿಕೆ ದಿನಾ. ಅವನು ಅಷ್ಟೂ ದಿನ ನಮ್ಮ ಕೇಂದ್ರದ ಮುಂದಿನ ಇಟ್ಟಿಗೆ ರಸ್ತೆಯಲ್ಲಿ ಫೈಲ್ ಹಿಡಿದು ಓಡಾಡುತ್ತಿದ್ದ. ಎದುರಾದರೆ ಸಲಾಂ ಹೇಳುತ್ತಿದ್ದ. ನಾನೂ ಹೇಳಬೇಕಿತ್ತು. ಮುಖದಲ್ಲಿ ಏನೂ ತೋರಿಸುವಂತಿಲ್ಲ. ಗೊತ್ತಾದರೆ ಅವನು ಮೊದಲು ಹುಡುಕುವುದು ಅವಳನ್ನೇ, ಅಲ್ವಾ? ಅಮ್ಮ ಫೋನ್ ಮಾಡಿದಾಗ, "ಯಾಕೆ ಮಗಳೇ, ಧ್ವನಿ ಹಾಗಿದೆ?" ಅಂತ ಕೇಳುತ್ತಿದ್ದರು. ಮಳೆ, ನೆಗಡಿ ಅನ್ನುತ್ತಿದ್ದೆ. ಗುಟ್ಟು ಕಾಪಾಡುವ ಕಾಗದಕ್ಕೆ ಸಹಿ ಹಾಕಿದ್ದೆ. ಅದು ಹಾಸನದಲ್ಲಿರುವ ಅಮ್ಮನಿಗೂ ಅನ್ವಯ.

ತನಿಖೆಗೆ ಬಂದವರು ಇಬ್ಬರು, ಹೊರಗಿನವರು. ಅವರು ಅವಳನ್ನು ಎಲ್ಲಿ ಭೇಟಿಯಾಗಬೇಕು ಅನ್ನುವುದಕ್ಕೇ ಸಾಕಷ್ಟು ಚರ್ಚೆಯಾಯಿತು. ಆಫೀಸಿಗೆ ಕರೆದರೆ ಗೇಟಿನಲ್ಲಿ ಹೆಸರು ಬರೆಸಬೇಕು. ಸಂಸ್ಥೆಯ ಲಾಂಛನವಿರುವ ಬಿಳಿ ಜೀಪು ಒಂದು ಓಣಿಯ ಮುಂದೆ ನಿಂತರೆ ಸಂಜೆಯೊಳಗೆ ಇಡೀ ಬ್ಲಾಕ್ ಮಾತಾಡುತ್ತದೆ. ಕೊನೆಗೆ ನಮ್ಮ ಕೇಂದ್ರದಲ್ಲೇ, ಅವಳು ಮಾಮೂಲಾಗಿ ಪ್ಯಾಕೆಟ್ ತೆಗೆದುಕೊಳ್ಳಲು ಬರುವ ದಿನವೇ ಅಂತಾಯಿತು. ತನಿಖಾಧಿಕಾರಿ ಹೆಂಗಸು ನಮ್ಮವರಂತೆ ಏಪ್ರನ್ ಹಾಕಿಕೊಂಡು ಕೂತರು. ದುಭಾಷಿಯೂ ಹೆಂಗಸು, ಬೇರೆ ಕ್ಯಾಂಪ್‌ನವಳು.

"ಯಾವ ತಾರೀಕು?" ಅಂತ ಕೇಳಿದರಂತೆ. ಅವಳಿಗೆ ತಾರೀಕು ಗೊತ್ತಿಲ್ಲ. ಗ್ಯಾಸ್ ಸಿಲಿಂಡರ್ ಸಿಕ್ಕಿದ ಮಾರನೆಯ ದಿನ, ಜೋರು ಮಳೆ ಅಂದಳಂತೆ. ನಾನು ಹೆದರಿದ್ದು ಇಲ್ಲಿಯೇ. ತಾರೀಕು ಹೇಳಲಾರದವಳ ಮಾತು ನಂಬಲಾಗದು ಅಂತ ಬರೆದುಬಿಟ್ಟರೆ? ಆದರೆ ಆ ತನಿಖಾಧಿಕಾರಿ ಬಲು ಚುರುಕು. ಗ್ಯಾಸ್ ಹಂಚುವ ಕಡೆ ಪ್ರತಿ ಕಾರ್ಡಿಗೂ ದಾಖಲೆ ಇರುತ್ತದೆ. ಬೇರೆ ಹತ್ತಾರು ಕಾರ್ಡುಗಳ ಜೊತೆ ಸೇರಿಸಿ ಅವಳ ಕಾರ್ಡಿನ ತಾರೀಕನ್ನೂ ತರಿಸಿಕೊಂಡರು. ಅದರ ಮಾರನೆಯ ದಿನ ಅವನ ಹಾಜರಿ ಪುಸ್ತಕದಲ್ಲಿ 'ಪಟ್ಟಿ ಪರಿಶೀಲನೆ' ಅಂತಿತ್ತು. ವಾಲಂಟಿಯರ್ ಪಟ್ಟಿಯ ಹಳೆಯ ಪ್ರತಿಗಳನ್ನು ತೆಗೆದರೆ, ಪೆನ್ನಿನಲ್ಲಿ ಹೊಡೆದುಹಾಕಿದ ಹೆಂಗಸರ ಹೆಸರು ಒಂದೆರಡಲ್ಲ. ಅವರಲ್ಲಿ ಇನ್ನಿಬ್ಬರು ಬಾಯಿ ಬಿಟ್ಟರು ಅಂತ ಬಹಳ ದಿನಗಳ ಮೇಲೆ ತಿಳಿಯಿತು.

ನನ್ನನ್ನೂ ಕರೆಸಿದರು. ಒಂದು ಬೆಳಗ್ಗೆ ಪೂರ್ತಿ ಪ್ರಶ್ನೆಗಳು. ಅವಳು ಏನು ಹೇಳಿದಳು, ನಾನು ಏನು ಕೇಳಿದೆ, ಯಾವ ಪದ ಬಳಸಿದೆ, ಯಾರಿಗೆ ಹೇಳಿದೆ. ಅವನ ಮೇಲೆ ನನಗೆ ವೈಯಕ್ತಿಕ ಸಿಟ್ಟು ಏನಾದರೂ ಇದೆಯಾ ಅಂತಲೂ ಕೇಳಿದರು. ಬೇಸರವಾಗಲಿಲ್ಲ. ಅವನ ಕೆಲಸ ಹೋಗುವ ವಿಷಯ, ಕೇಳಲೇಬೇಕು. ನಿಜವಾಗಿ ಬೇಸರವಾದದ್ದು ಗೆಸ್ಟ್‌ಹೌಸಿನ ಊಟದ ಮೇಜಿನಲ್ಲಿ. ಯಾರದೋ ಮೇಲೆ ತನಿಖೆ ನಡೆಯುತ್ತಿದೆ ಅಂತ ಅಷ್ಟರಲ್ಲಿ ಸುದ್ದಿ ಸೋರಿತ್ತು. ಹದಿನೈದು ವರ್ಷದ ಅನುಭವ ಇರುವ ಒಬ್ಬ ದೊಡ್ಡ ಮನುಷ್ಯ ಮೀನಿನ ಮುಳ್ಳು ಬಿಡಿಸುತ್ತಾ, "ಇವರು ಒಳ್ಳೆ ಶೆಲ್ಟರ್ ಸಿಗಲಿ ಅಂತ ಏನು ಬೇಕಾದರೂ ಹೇಳುತ್ತಾರೆ" ಅಂದ. ಯಾರೂ ಮಾತಾಡಲಿಲ್ಲ. ನಾನು ಮಾತಾಡುವಂತಿರಲಿಲ್ಲ. ಎದ್ದು ಕೈ ತೊಳೆದೆ.

ಅವನನ್ನು ಅಷ್ಟು ಹೊತ್ತಿಗೆ ಕೆಲಸದಿಂದ ದೂರ ಇಟ್ಟಿದ್ದರು. ರಾಜೀನಾಮೆ ಬರೆದು ಹೊರಟುಹೋಗಲು ನೋಡಿದ ಅಂತ ಆಮೇಲೆ ಕೇಳಿದೆ. ಇದೇ ಹಳೆಯ ದಾರಿ. ಹೈಟಿಯಲ್ಲಿ 2010ರ ಭೂಕಂಪದ ನಂತರ ಬ್ರಿಟನ್ನಿನ ನೆರವಿನ ಸಂಸ್ಥೆ ಆಕ್ಸ್‌ಫ್ಯಾಮ್‌ನ ಕೆಲವು ಸಿಬ್ಬಂದಿ ಹಣ ಕೊಟ್ಟು ಹೆಂಗಸರನ್ನು ಕರೆಸುತ್ತಿದ್ದರು ಅನ್ನುವ ಆರೋಪದ ಮೇಲೆ 2011ರಲ್ಲಿ ತನಿಖೆ ನಡೆಯಿತು. ಅಲ್ಲಿನ ಮುಖ್ಯಸ್ಥ ರಾಜೀನಾಮೆ ಕೊಟ್ಟು ಹೊರಗೆ ಹೋದ. ಹೋದದ್ದೆಲ್ಲಿಗೆ? ಇದೇ ಬಾಂಗ್ಲಾದೇಶಕ್ಕೆ, ಇನ್ನೊಂದು ನೆರವಿನ ಸಂಸ್ಥೆಯ ಮುಖ್ಯಸ್ಥನಾಗಿ, 2012ರಿಂದ 2014ರವರೆಗೆ. ಹಣ ಕೊಟ್ಟು ಕರೆಸಿದ ಆರೋಪವನ್ನು ಅವನು ಒಪ್ಪಿಲ್ಲ. ಆದರೆ ಹಳೆಯ ಸಂಸ್ಥೆಯಿಂದ ಹೊಸ ಸಂಸ್ಥೆಗೆ ಈ ವಿಷಯ ಹೋಗಿರಲಿಲ್ಲ. ಲೋಕಕ್ಕೆಲ್ಲ ಇದು ಗೊತ್ತಾದದ್ದು 2018ರ ಫೆಬ್ರವರಿಯಲ್ಲಿ, ಲಂಡನ್ನಿನ ಪತ್ರಿಕೆಯೊಂದು ಬರೆದಾಗ. ಅದಾದ ಮೇಲೆ, 2019ರಿಂದ, ಒಂದು ಏರ್ಪಾಡು ಬಂದಿದೆ. ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಹಿಂದಿನ ಸಂಸ್ಥೆಗಳನ್ನು ಕೇಳಬೇಕು, ಇಂಥ ತಪ್ಪು ಸಾಬೀತಾಗಿತ್ತಾ ಅಂತ. ಅವೂ ಉತ್ತರ ಕೊಡಬೇಕು. ಸೇರಿಕೊಂಡ ಸಂಸ್ಥೆಗಳಿಗೆ ಮಾತ್ರ ಇದು ಅನ್ವಯ. ಅದಕ್ಕೇ ಆಸಾಮಿ ರಾಜೀನಾಮೆ ಕೊಟ್ಟರೂ ತನಿಖೆಯನ್ನು ಅರ್ಧಕ್ಕೆ ಬಿಡಬಾರದು. ಇವನ ವಿಷಯದಲ್ಲಿ ಬಿಡಲಿಲ್ಲ.

ಕೊನೆಗೊಂದು ದಿನ ಇಮೇಲ್ ಬಂತು. ತನಿಖೆ ಮುಗಿದಿದೆ, ಸಂಸ್ಥೆಯ ನೀತಿಯ ಪ್ರಕಾರ ಸೂಕ್ತ ಕ್ರಮ ಕೈಗೊಳ್ಳಲಾಗಿದೆ, ನಿಮ್ಮ ಸಹಕಾರಕ್ಕೆ ವಂದನೆಗಳು. ಅಷ್ಟೇ.

ನಾನು ಫೋಕಲ್ ಪಾಯಿಂಟ್ ಹತ್ತಿರ ಹೋದೆ. "ಸರಿ, ಅವಳಿಗೆ ಯಾರು ಹೇಳಬೇಕು?" ಅಂತ ಕೇಳಿದೆ. ಅವರು ಫಾರ್ಮ್ ತಿರುಗಿಸಿ ನೋಡಿದರು. ದೂರು ಸ್ವೀಕರಿಸಿದವರು, ಕಳಿಸಿದವರು, ತನಿಖೆ ಮಾಡಿದವರು, ತೀರ್ಮಾನ ಕೊಟ್ಟವರು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಅವಳಿಗೆ ತಿಳಿಸಿದವರು ಯಾರು ಅಂತ ಬರೆಯಲು ಜಾಗವಿರಲಿಲ್ಲ. ಕೇಸ್‌ವರ್ಕರ್‌ಗೆ ಫಲಿತಾಂಶ ಗೊತ್ತಿಲ್ಲ. ತನಿಖೆ ಮಾಡಿದವರು ವಿಮಾನ ಹತ್ತಿದ್ದರು. ಅವನ ಸಂಸ್ಥೆ 'ಸಿಬ್ಬಂದಿಯ ವಿಷಯ ಗೌಪ್ಯ' ಅಂತ ಕೂತಿತ್ತು. ನನಗೆ ಗೊತ್ತಿದ್ದದ್ದು 'ಸೂಕ್ತ ಕ್ರಮ' ಅನ್ನುವ ಎರಡು ಪದ.

ನಾನು ಮೊದಲು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿಯಲ್ಲಿದ್ದೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ನಮ್ಮಲ್ಲಿ 2013ರ ಕಾನೂನು ಇದೆಯಲ್ಲ, ಅದರ ಪ್ರಕಾರ. ಆ ಕಾನೂನಿನಲ್ಲಿ ಕೊರತೆ ಬೇಕಾದಷ್ಟಿವೆ. ಆದರೆ ವಿಚಾರಣೆ 90 ದಿನದೊಳಗೆ ಮುಗಿಯಬೇಕು, ಮುಗಿದ 10 ದಿನದೊಳಗೆ ವರದಿ ಕೊಡಬೇಕು, ಅದು ದೂರು ಕೊಟ್ಟವಳಿಗೂ ಸಿಗಬೇಕು ಅಂತ ಸ್ಪಷ್ಟವಾಗಿದೆ. ಅದನ್ನು ಕಾನೂನು ಅವಳ ಹಕ್ಕು ಅಂತ ನೋಡುತ್ತದೆ. ಇಲ್ಲಿ 'ಸಂತ್ರಸ್ತೆಯೇ ಕೇಂದ್ರ' ಅನ್ನುವ ಮಾತು ಪ್ರತಿ ಪುಟದಲ್ಲೂ ಇತ್ತು. ಅವಳಿಗೆ ಒಂದು ಸಾಲು ಸುದ್ದಿ ಮುಟ್ಟಿಸಲು ಮಾತ್ರ ನಾವು ಊರೆಲ್ಲ ಅಲೆಯಬೇಕಾಯಿತು.

ಅಲೆದೆವು. ಎಲ್ಲ ಸಂಸ್ಥೆಗಳ ಸಂಯೋಜಕಿ ನಮ್ಮ ಪರ ನಿಂತರು. ಪತ್ರದ ಮೇಲೆ ಪತ್ರ ಹೋಯಿತು. ಕೊನೆಗೆ ಒಪ್ಪಿಗೆಯಾದ ವಾಕ್ಯಗಳು ಇವು: ಅವನು ಈಗ ಆ ಸಂಸ್ಥೆಯಲ್ಲಿಲ್ಲ. ಮತ್ತೆ ಅಲ್ಲಿಗೆ ತೆಗೆದುಕೊಳ್ಳುವುದಿಲ್ಲ. ನಿನ್ನ ಹೆಸರನ್ನು ಅವನಿಗೆ ಹೇಳಿಲ್ಲ. ವಕೀಲರು ಓದಿ ಒಪ್ಪಿದ ಆ ವಾಕ್ಯಗಳನ್ನು ಕಾಗದದಲ್ಲಿ ಬರೆದು ಅವಳ ಕೈಗೆ ಕೊಡುವಂತಿಲ್ಲ, ಬಾಯಲ್ಲಿ ಹೇಳಬಹುದು ಅಷ್ಟೇ.

ಪ್ಯಾಕೆಟ್ ಕೊಡುವ ದಿನ ಆಪಾ ಹೇಳಿದರು. ಮಗುವಿನ ತೋಳಿನ ಅಳತೆ ಆ ಹೊತ್ತಿಗೆ ಕೆಂಪಿನಿಂದ ಹಳದಿಗೆ ಬಂದಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ, ನಗಲಿಲ್ಲ. "ಸರಿ. ಹಾಗಾದರೆ ಕೆಲಸ?" ಅಂದಳು.

ನಾವಿಬ್ಬರೂ ಪೆಚ್ಚಾದೆವು. ಹೌದಲ್ಲ, ಅವಳು ಮೊದಲಿಂದ ಕೇಳುತ್ತಿದ್ದದ್ದು ಅದನ್ನೇ. ಆ ಪಟ್ಟಿಯಲ್ಲಿ ಹೆಸರು. ಅಷ್ಟು ಜನ, ಅಷ್ಟು ಕಾಗದ, ಅದರಲ್ಲಿ ಎಲ್ಲೂ ಈ ಪ್ರಶ್ನೆ ಇರಲಿಲ್ಲ.

ಕೇಳಿ ನೋಡಿದೆ. ಈಗ ಅವಳಿಗೆ ಕೆಲಸ ಕೊಟ್ಟರೆ ದೂರಿಗೆ ಬಹುಮಾನ ಕೊಟ್ಟ ಹಾಗಾಗುತ್ತದೆ, ಸಾಕ್ಷ್ಯಕ್ಕೆ ಆಮಿಷ ಒಡ್ಡಿದಂತಾಗುತ್ತದೆ ಅಂದರು. ವಾದದಲ್ಲಿ ತಪ್ಪಿಲ್ಲ. ಹಾಗಾದರೆ ಪರಿಹಾರ? ಕಾಂಗೋದಲ್ಲಿ 2018ರಿಂದ 2020ರವರೆಗೆ ಎಬೋಲಾ ಕೆಲಸಕ್ಕೆ ಹೋದವರಲ್ಲಿ ಕೆಲವರು ಇದೇ ರೀತಿ ಕೆಲಸದ ಆಸೆ ತೋರಿಸಿ ಹೆಂಗಸರನ್ನು ಬಳಸಿಕೊಂಡರು. ಸ್ವತಂತ್ರ ಆಯೋಗವು 2021ರಲ್ಲಿ 83 ಆರೋಪಿಗಳನ್ನು ಲೆಕ್ಕ ಹಾಕಿತು, ಅದರಲ್ಲಿ 21 ಮಂದಿ ವಿಶ್ವ ಆರೋಗ್ಯ ಸಂಸ್ಥೆಯವರು. ಆ ಸಂಸ್ಥೆ ನೂರಕ್ಕೂ ಹೆಚ್ಚು ಹೆಂಗಸರಿಗೆ ತಲಾ 250 ಡಾಲರ್ ಕೊಟ್ಟಿದೆ ಅಂತ 2023ರ ನವೆಂಬರ್‌ನಲ್ಲಿ ಸುದ್ದಿಯಾಯಿತು. ಅದನ್ನು ಪಡೆಯಲು ಅವರು ತರಬೇತಿ ಮುಗಿಸಬೇಕಿತ್ತಂತೆ. ನಮ್ಮ ಅವಳಿಗೂ ಹೊಲಿಗೆ ತರಬೇತಿಗೆ ಸೇರು ಅಂದರು. "ನನಗೆ ಹೊಲಿಗೆ ಬರುತ್ತದೆ, ಮಿಷನ್ ಇಲ್ಲ" ಅಂದಳು.

ಒಂದು ಮಾತ್ರ ಬದಲಾಯಿತು. ವಾಲಂಟಿಯರ್ ಪಟ್ಟಿಯನ್ನು ಒಬ್ಬನೇ ಮಾಡುವುದು ನಿಂತಿತು. ಅರ್ಜಿ ಹಾಕಿದವರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು, ಎಲ್ಲರೆದುರು ಎತ್ತುವ ಕ್ರಮ ಬಂತು. ಮೊದಲ ಸುತ್ತಿನಲ್ಲಿ ಅವಳ ಹೆಸರು ಬರಲಿಲ್ಲ. ಎರಡನೇ ಸುತ್ತಿನ ಹೊತ್ತಿಗೆ ನನ್ನ ಗುತ್ತಿಗೆ ಮುಗಿದು ಊರಿಗೆ ಬಂದಿದ್ದೆ. ಆಪಾ ಫೋನ್‌ನಲ್ಲಿ ಹೇಳಿದರು. ಚೀಟಿ ಎತ್ತಲು ಕೈ ಹಾಕುವಷ್ಟರಲ್ಲಿ ಅವಳು ಎದ್ದು ನಿಂತು, ಡಬ್ಬದಲ್ಲಿ ಎಲ್ಲರ ಹೆಸರೂ ಇದೆಯಾ ಅಂತ ಮೊದಲು ಓದಿ ಹೇಳಿ, ಆಮೇಲೆ ಎತ್ತಿ ಅಂದಳಂತೆ. ಓದಲು ಶುರು ಮಾಡಿದರೆ ಮೂರು ಹೆಸರು ಇರಲೇ ಇಲ್ಲವಂತೆ. ಬರೆದು ಸೇರಿಸಿ, ಆಮೇಲೆ ಎತ್ತಿದರಂತೆ.